ಗಾಯಕ್ಕೆ ಹಚ್ಚಿದ ಖಾರ

ಅಫಜಲಪುರದ ಕಡೆಯಿಂದ ಗಂಡನ ಜೊತೆ ಇಟ್ಟಿಗೆ ಹೊರಲು ಮುಂಬಯಿ ಹತ್ತಿರದ ಕಳವಾಕ್ಕೆ ಬಂದವಳು ಶರಣಬಸಮ್ಮ. ಗಂಡ ತೀರಿಕೊಂಡ ಮೇಲೆ ಪಕ್ಕದ ಠಾಣೆ ಶಹರದ ಪ್ರಾಣಿಗಳ ದವಾಖಾನೆಯೊಂದರಲ್ಲಿ ನೆಲ ಒರೆಸುವ, ಪಂಜರ ತೊಳೆಯುವ ಕೆಲಸ ಹಿಡಿದಳು. ಹನ್ನೊಂದು ವರ್ಷ ಡಾಕ್ಟರರ ಮಾತಿಗೆ ಕಿವಿಗೊಟ್ಟು ಸಾಕಷ್ಟು ಕಲಿತಿದ್ದಳು. ಅದನ್ನು ಗಲ್ಲಿಯಲ್ಲಿ ಹೇಳಿದರೆ ಮಾತ್ರ, ಕಸ ಹೊಡೆಯುವವಳು ನಮಗೆ ಪಾಠ ಹೇಳುತ್ತಾಳೆ ಎಂದು ಜನ ನಗುತ್ತಿದ್ದರು.

೨೦೦೯ರ ಬೇಸಿಗೆಯಲ್ಲಿ ಅವಳು ವಾಸವಿದ್ದ ಚಾಳಿನ ಮೆಟ್ಟಿಲ ಕೆಳಗೆ ಕಂದು ನಾಯಿಯೊಂದು ಮರಿ ಹಾಕಿತ್ತು. ಪಕ್ಕದ ಖೋಲಿಯ ಮರೆಮ್ಮನ ಮಗಳು, ಏಳು ವರ್ಷದ ಮಲ್ಲಿಕಾ, ಒಂದು ಮರಿಯನ್ನು ಎತ್ತಿಕೊಂಡಳು. ನಾಯಿ ಬಾಲ ಆಡಿಸುತ್ತಿದೆ, ಏನೂ ಮಾಡುವುದಿಲ್ಲ ಎಂದು ಧೈರ್ಯ ಹೇಳಿದವನು ಕಿರಾಣಿ ಅಂಗಡಿಯ ಗುರುವಪ್ಪ. ಬಾಲ ಆಡುತ್ತಿದ್ದದ್ದು ನಿಜ. ಆದರೆ ಮೈ ಸೆಟೆದಿತ್ತು, ತುಟಿ ಮೇಲೆದ್ದು ಹಲ್ಲು ಕಾಣುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಮರುಕ್ಷಣ ಹುಡುಗಿಯ ಮೀನಖಂಡಕ್ಕೆ ಹಲ್ಲು ನಾಟಿತು.

ಕೆಲಸ ಮುಗಿಸಿ ಬಂದ ಶರಣಬಸಮ್ಮ ಕಂಡದ್ದು, ಕಿರುಚುತ್ತಿದ್ದ ಮಗುವಿನ ಗಾಯಕ್ಕೆ ಗುರುವಪ್ಪ ಹೆಬ್ಬೆರಳಿನಿಂದ ಖಾರದ ಪುಡಿ ಒತ್ತುತ್ತಿದ್ದುದನ್ನು. ಅವಳು ಸಿಟ್ಟಿನಿಂದ ಮುಂದೆ ನುಗ್ಗಿದಳು.

“ಕೈ ತೆಗೀರಿ ಅಣ್ಣಾ.”

“ಖಾರ ವಿಷ ಎಳೀತದ. ನಿನಗೇನ್ ಗೊತ್ತು?”

“ನನ್ನ ತಂಗಿಗೂ ಹಿಂಗೇ ಹಚ್ಚಿದ್ರು. ನಲವತ್ತು ದಿನದಾಗ ನೀರು ಕಂಡರೆ ಅಂಜಿ ಅಂಜಿ ಸತ್ತಳು. ನನಗದು ಗೊತ್ತದ.”

ಮಗುವನ್ನು ಕಸಿದುಕೊಂಡು ನಳದ ಕೆಳಗೆ ಕೂರಿಸಿದಳು. ಸಾಬೂನು ಹಚ್ಚಿ, ಕಾಲು ಗಂಟೆ ಬಿಡದೆ ನೀರು ಹರಿಸಿದಳು. ಅಷ್ಟರಲ್ಲಿ ಇಬ್ಬರು ಬಡಿಗೆ ಹಿಡಿದು ನಾಯಿಯ ಕಡೆ ಹೊರಟಿದ್ದರು. ಕಚ್ಚಿದ ನಾಯಿ ಸತ್ತರೆ ವಿಷ ಇಳಿಯುತ್ತದೆಂಬುದು ಅವರ ನಂಬಿಕೆ. ಹುಚ್ಚು ಹಿಡಿದ ನಾಯಿಯಾದರೆ ಹತ್ತು ದಿನದೊಳಗೆ ಸಾಯುತ್ತದೆ, ಅದನ್ನು ನೋಡಬೇಕು, ಕೊಂದರೆ ಡಾಕ್ಟರಿಗೆ ಏನು ಹೇಳುತ್ತೀರಿ ಎಂದು ಗದರಿಸಿ ಅವರನ್ನು ನಿಲ್ಲಿಸಿದಳು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಮರೆಮ್ಮ ಅಳುತ್ತಿದ್ದಳು. ಆ ಕಾಲ ಹೋಯಿತು, ಈಗ ತೋಳಿಗೆ ಹಾಕುತ್ತಾರೆ ಎನ್ನುತ್ತಲೇ ಶರಣಬಸಮ್ಮ ತಾಯಿ ಮಗಳಿಬ್ಬರನ್ನೂ ರಿಕ್ಷಾಕ್ಕೆ ಹತ್ತಿಸಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧಿ ಚುಚ್ಚಿ, ತೋಳಿಗೆ ಇನ್ನೊಂದು ಹಾಕಿದರು. ಉಳಿದ ಸೂಜಿಗಳಿಗೂ ಶರಣಬಸಮ್ಮನೇ ರಜೆ ಹಾಕಿ ಕರೆದೊಯ್ದಳು.

ತಿಂಗಳಾಯಿತು. ಮಲ್ಲಿಕಾ ಮೊದಲಿನಂತೆ ಕುಣಿದಾಡಿದಳು. ನಾಯಿಯೂ ಮರಿಗಳೊಂದಿಗೆ ಗಟ್ಟಿಯಾಗಿಯೇ ಇತ್ತು. ಗುರುವಪ್ಪ ಮಾತ್ರ ತನ್ನ ಖಾರದಿಂದಲೇ ಮಗು ಉಳಿಯಿತೆಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅದು ಕಿವಿಗೆ ಬಿದ್ದ ದಿನ ಶರಣಬಸಮ್ಮ ನೆಟ್ಟಗೆ ಅಂಗಡಿಗೆ ಹೋದಳು.

“ನಿಮ್ಮ ಮಾತು ಕೇಳಿ ನಾಳೆ ಒಂದು ಕೂಸು ಸತ್ತರೆ, ಅವರ ಮನಿಗೆ ನೀವು ಹೋಗಿ ಕೂಡ್ರಬೇಕು. ಹೋಗ್ತೀರೇನು?”

ಅವನು ತಲೆ ತಗ್ಗಿಸಿ ಸಕ್ಕರೆ ತೂಗತೊಡಗಿದ. ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಆ ಸಂಜೆಯೇ ಚಾಳಿನ ಒಂದೊಂದು ಬಾಗಿಲನ್ನೂ ತಟ್ಟಿ, ನಾಯಿ ಕಚ್ಚಿದರೆ ಮೊದಲು ಸಾಬೂನು ನೀರು, ಆಮೇಲೆ ಆಸ್ಪತ್ರೆ ಎಂದು ಸಿಟ್ಟಿನಿಂದಲೇ ಹೇಳಿ ಬಂದಳು. ಈ ಸಲ ಯಾರೂ ನಗಲಿಲ್ಲ.