ಪರದೆಯ ಹಿಂದಿನ ಬಳೆಗಳು

ಹಾಡುತ್ತಿದ್ದಂತೆಯೇ ನನಗೆ ತಾಳ ತಪ್ಪಿತು. ಅರವತ್ತರ ದಶಕದ ಆರಂಭ. ಬಬಲೇಶ್ವರ ಸಮೀಪದ ವಾಡೆಯೊಂದರಲ್ಲಿ ನನ್ನ ಮೊದಲ ಸಂಗೀತ ಬೈಠಕ್. ಎದುರಿಗೆ ಗಂಡಸರೇ ತುಂಬಿದ್ದರು. ನನ್ನನ್ನು ವಿಜಾಪುರದಿಂದ ಕರೆಸಿದ್ದ ವಾಡೆಯ ಒಡತಿ ಬಾಯಿಸಾಹೇಬರು ಮನೆತನದ ಪದ್ಧತಿಯಂತೆ ಪರದೆಯ ಹಿಂದೆ ಕೂತಿದ್ದರು. ಅಲ್ಲಿಂದ ಬಳೆಗಳ ಸಪ್ಪಳ ಬಂತು, ತಾಳಕ್ಕೆ ಸರಿಯಾಗಿ. ಅದನ್ನೇ ಹಿಡಿದು ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದೆ. ಗಂಡಸರು ನನಗೆ ‘ವಾಹ್ವಾ’ ಎಂದರು.

ಹಾಡು ಮುಗಿದ ಮೇಲೆ ಒಳಗೆ ಹೋಗಿ ಬಾಯಿಸಾಹೇಬರ ಕಾಲಿಗೆರಗಿದೆ.

“ನಾನೂ ಹಾಡ್ತಿದ್ದೆನವ್ವಾ,” ಎಂದರು. “ಈ ಮನಿ ಸೊಸಿ ಆದಮ್ಯಾಲ ದನಿ ಹೊರಗ ಕೇಳಬಾರ್ದಂದ್ರು. ಬಳಿ ಸಪ್ಪಳಕ್ಕ ಯಾರೂ ಬ್ಯಾಡ ಅಂದಿಲ್ಲ.”

ನನ್ನಂಥ ಎಷ್ಟೋ ಮಂದಿಯನ್ನು ಹಾಡಿಸಿದವರು ಅವರು. ‘ನೀವೊಂದು ಹಾಡ್ರಿ’ ಎಂದು ನಾನಾದರೂ ಅನ್ನಬಹುದಿತ್ತು. ಅದು ಹೊಳೆದದ್ದು ಬಸ್ಸು ವಿಜಾಪುರ ಮುಟ್ಟಿದ ಮೇಲೆ.