ಮುನಿರತ್ನಮ್ಮ ನಿಂತ ಪುಟ

ಮುನಿರತ್ನಮ್ಮನವರ ಅಂಗಳದ ತಂತಿಯ ಮೇಲೆ ಸೀರೆ, ಪಂಚೆಗಳ ನಡುವೆ ಒಂದೆರಡು ಪುಸ್ತಕಗಳೂ ಕವುಚಿಕೊಂಡು ನೇತಾಡುತ್ತಿದ್ದವು. ಹೊಸ ಪುಸ್ತಕ ಬಂದರೆ ಅದು ಒಂದು ಹಗಲು ಪೂರ್ತಿ ಬಿಸಿಲು ಕಾಯಬೇಕು, ಆಮೇಲೆಯೇ ಹೊಸಿಲು ದಾಟಬೇಕು. ಅವರದು ರೇಷ್ಮೆ ಹುಳ ಸಾಕುವ ಮನೆ. ಹೊರಗಿನ ರೋಗ ಯಾವುದಕ್ಕೆ ಅಂಟಿಕೊಂಡು ಒಳಗೆ ಬರುತ್ತದೋ ಹೇಳಲಾಗದು ಎಂಬ ಭಯ. “ಮನುಷ್ಯರಾದ್ರೆ ಕೈಕಾಲು ತೊಳ್ಕೊಂಡು ಬಾ ಅನ್ಬೋದು. ಪುಸ್ತಕಕ್ಕೆ ಏನು ತೊಳೀಲಮ್ಮ?” ಎಂದು ನನ್ನನ್ನೇ ಕೇಳುತ್ತಿದ್ದರು.

ಸಾದಲಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸಕ್ಕೆಂದು ಗೌರಿಬಿದನೂರಿನಿಂದ ಬಂದ ನಾನು ಅವರ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಗೌರಿಬಿದನೂರಿನ ಮನೆ ಅಣ್ಣನ ಮನೆಯಾಗಿತ್ತು. ಮದುವೆಯ ಮಾತು ಬಂದುಹೋಗುವ ವಯಸ್ಸೂ ದಾಟುತ್ತಿತ್ತು. ಭಾನುವಾರಗಳು ಎಷ್ಟು ಉದ್ದವಿರುತ್ತವೆ ಎಂದು ನನಗೆ ಗೊತ್ತಾದದ್ದು ಆ ಕೋಣೆಯಲ್ಲಿಯೇ.

ಬಂದ ಮೊದಲ ವಾರ ಪರಿಚಯ ಮಾಡಿಕೊಳ್ಳೋಣವೆಂದು ಸ್ನಾನ ಮಾಡಿ, ಮುಖಕ್ಕೆ ಕತ್ತಿಗೆ ಪೌಡರ್ ಬಳಿದುಕೊಂಡು ನೇರ ಹುಳದ ಮನೆಯ ಬಾಗಿಲಿಗೆ ಹೋದೆ. “ಏಮಮ್ಮಾ ಇದಿ! ಅಲ್ಲೇ ನಿಂತ್ಕೋ!” ಎಂಬ ತೆಲುಗು ಬೆರೆತ ಕೂಗು ಬಂತು. ಹುಳಗಳಿಗೆ ಘಾಟು ವಾಸನೆ ಆಗದಂತೆ. ದಪ್ಪ ಕನ್ನಡಕದ, ತೆಳ್ಳನೆಯ, ಐವತ್ತೆಂಟರ ಹೆಂಗಸು ಸೆರಗಿನಿಂದ ಗಾಳಿಯನ್ನು ಹೊರಗೆ ಅಟ್ಟುತ್ತಾ ಬಂದರು. ಇನ್ನೊಂದು ಕೈಯಲ್ಲಿ ಅರ್ಧ ಓದಿದ ಕಾದಂಬರಿಯಿತ್ತು, ಬೆರಳು ಪುಟದ ನಡುವೆ ಸಿಕ್ಕಿಕೊಂಡಿತ್ತು. ನಾನು ಕ್ಷಮೆ ಕೇಳುವ ಬದಲು, “ಅದು ಯಾವ ಪುಸ್ತಕ ಆಂಟಿ?” ಎಂದೆ. ಸಿಟ್ಟು ಅಲ್ಲಿಗೇ ಇಳಿಯಿತು. “ಆಂಟಿ ಗೀಂಟಿ ಬೇಡ, ದೊಡ್ಡಮ್ಮ ಅನ್ನು. ಮುಖ ತೊಳ್ಕೊಂಡು ಬಾ, ಹೇಳ್ತೀನಿ” ಎಂದರು.

ಏಳನೇ ತರಗತಿಗೆ ಶಾಲೆ ಬಿಟ್ಟವರು ಅವರು. ಓದುವಾಗ ತುಟಿ ಅಲ್ಲಾಡುತ್ತಿತ್ತು. ಓದುವುದಕ್ಕೆ ಸಿಗುತ್ತಿದ್ದ ಬಿಡುವೂ ವಿಚಿತ್ರವಾದದ್ದು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಮಲಗಿರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಹೋದ ದಿನ ಸೊಪ್ಪು ಕೊಯ್ಯುವುದಿಲ್ಲ, ಹಾಕುವುದಿಲ್ಲ. ಹುಳದ ಮೇಲೆ ಸುಣ್ಣದ ಪುಡಿ ಉದುರಿಸಿ ಬಂದರೆ ಆ ದಿನ ಮುನಿರತ್ನಮ್ಮನವರದು. ಜಗಲಿಯ ಕಂಬಕ್ಕೆ ಒರಗಿ, ಸುಣ್ಣ ಮೆತ್ತಿದ ಬೆರಳಲ್ಲೇ ಪುಟ ತಿರುವುತ್ತಿದ್ದರು. ಅವರ ಪುಸ್ತಕಗಳ ಅಂಚೆಲ್ಲ ಬೆಳ್ಳಗಿರುತ್ತಿತ್ತು.

ಊರಿನವರೆಲ್ಲ ಈಗ ಎರಡು ಜ್ವರ ಕಳೆದ ಮರಿ ಹುಳಗಳನ್ನು ಚಾಕಿ ಕೇಂದ್ರದಿಂದ ತರುತ್ತಾರೆ. ಅರ್ಧ ಕೆಲಸ ತಪ್ಪುತ್ತದೆ. ಇವರು ಮಾತ್ರ ಮೊಟ್ಟೆಯಿಂದಲೇ ಸಾಕಬೇಕೆಂದು ಹಟ ಹಿಡಿದಿದ್ದರು. ಕಾರಣ ಕೇಳಿದವರಿಗೆ ಹುಳ ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ನಿಜವನ್ನು ಅವರ ಗಂಡ ಆಂಜಿನಪ್ಪನವರು ನನಗೆ ಹೇಳಿದರು. “ಚಾಕಿ ತಂದ್ರೆ ಇವಳಿಗೆ ಬೆಳೆಗೆ ಎರಡು ಜ್ವರ ಕಮ್ಮಿ ಆಗುತ್ತಲ್ಲಮ್ಮ! ಎರಡು ದಿನದ ಓದಿಗೋಸ್ಕರ ಹತ್ತು ದಿನದ ಚಾಕರಿ ನಂಗೆ.” ಹಾಗೆಂದು ಅವರೇನೂ ಮುನಿಸಿಕೊಂಡವರಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಬರುವಾಗ ಹೆಂಡತಿಗೆ ಪುಸ್ತಕ ತರುತ್ತಿದ್ದವರು ಅವರೇ. ಅಂಗಡಿಯವನು ಯಾವುದು ಬೇಕು ಎಂದರೆ “ದಪ್ಪಗಿರೋದು ಕೊಡಪ್ಪ” ಎನ್ನುತ್ತಿದ್ದರಂತೆ. ತಾವು ಮಾತ್ರ ಓದುವ ಗೋಜಿಗೇ ಹೋಗುತ್ತಿರಲಿಲ್ಲ.

ಓದಿದ್ದನ್ನು ಮುನಿರತ್ನಮ್ಮ ತೂಗುತ್ತಿದ್ದದ್ದು ಹುಳದ ಲೆಕ್ಕದಲ್ಲಿ. “ಮೂರನೇ ಜ್ವರದ ತನಕ ಚೆನ್ನಾಗಿ ಬಂತು ಕಣಮ್ಮ, ಆಮೇಲೆ ಬರೆದೋನ ಹತ್ರ ಸೊಪ್ಪು ಖಾಲಿ” ಎಂದರೆ ಆ ಕಾದಂಬರಿ ಅರ್ಧಕ್ಕೆ ಸೊರಗಿತೆಂದು ಅರ್ಥ. “ತಿಂತು, ತಿಂತು, ಗೂಡೇ ಕಟ್ಟಲಿಲ್ಲ” ಎಂಬುದು ಅತಿ ಕಠಿಣ ತೀರ್ಪು. ಪುಸ್ತಕದ ಕೊನೆಯ ಹತ್ತು ಪುಟಗಳನ್ನು ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರುವವರೆಗೂ ಓದುತ್ತಿರಲಿಲ್ಲ. ಅವು ನೂಲು ಸುತ್ತುವಾಗ ತಾವೂ ಕಥೆ ಮುಗಿಸಬೇಕು. ಒಮ್ಮೆ ಒಂದು ಕಾದಂಬರಿಯ ಕೇಡಿಗನ ಹೆಸರು ಶೇಷಪ್ಪ ಎಂದಿತ್ತು. ಡೇರಿಯಲ್ಲಿ ಹಾಲು ಅಳೆಯುವ ಬಡಪಾಯಿಯ ಹೆಸರೂ ಅದೇ. ಹದಿನೈದು ದಿನ ಇವರು ಅವನನ್ನು ಮಾತನಾಡಿಸಲಿಲ್ಲ. “ತಪ್ಪು ಅಂತ ಗೊತ್ತಮ್ಮ, ಏನ್ಮಾಡ್ಲಿ, ಅವನ ಮುಖ ನೋಡಿದ್ರೆ ಕಥೇಲಿ ಕಷ್ಟಪಟ್ಟ ಆ ಹುಡುಗಿ ನೆನಪಾಗ್ತಾಳೆ” ಎಂದು ನನ್ನ ಬಳಿ ಪೇಚಾಡಿಕೊಂಡರು.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆಯಿತು. ಸಂಕ್ರಾಂತಿಗೆ ಎಳ್ಳು ಬೀರುವಾಗ ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡುಗಳ ಜೊತೆಗೆ ವರ್ಷದಲ್ಲಿ ಓದಿದ್ದರಲ್ಲಿ ಮನಸ್ಸಿಗೆ ಹಿಡಿದ ಒಂದೇ ಒಂದು ಪುಸ್ತಕ ಇಟ್ಟು ಒಬ್ಬರಿಗೊಬ್ಬರು ಕೊಡುವುದು. ಅದರೊಳಗೆ ಒಂದು ಹಿಪ್ಪುನೇರಳೆ ಎಲೆ ಇರಬೇಕು. ಓದುತ್ತಾ ಓದುತ್ತಾ ಮುಂದಕ್ಕೆ ಹೋಗಲಾಗದೆ ನಿಂತ ಪುಟದಲ್ಲಿ ಆ ಎಲೆ. ಪಡೆದವರು ಅಲ್ಲಿಗೆ ಬಂದಾಗ ಎಲೆ ತೆಗೆದು, ತಾವು ನಿಂತ ಪುಟದಲ್ಲಿ ತಮ್ಮ ಎಲೆ ಇಟ್ಟು, ಯುಗಾದಿಗೆ ಹಿಂದಿರುಗಿಸಬೇಕು. ಆಮೇಲೆ ಜಗಲಿಯ ಮೇಲೆ ಕುಳಿತು “ನೀನ್ಯಾಕೆ ಅಲ್ಲಿ ನಿಂತೆ?” “ನೀವ್ಯಾಕೆ ಇಲ್ಲಿ ನಿಂತಿರಿ?” ಎಂದು ಕೇಳಿಕೊಳ್ಳುವುದು. ಹಸಿ ಎಲೆ ಕಲೆ ಮಾಡುತ್ತದೆಂದು ಎಲೆಯನ್ನು ಹಳೆಯ ಪೇಪರಿನ ನಡುವೆ ಹಾಸಿಗೆಯ ಕೆಳಗೆ ಎಂಟು ದಿನ ಒಣಗಿಸಬೇಕಿತ್ತು. ಅವರಿಗೆ ಊರಿನಲ್ಲಿ ಓದಿನ ಮಾತಾಡಲು ಬೇರೆ ಯಾರೂ ಇರಲಿಲ್ಲ. ನನಗೆ ಯಾವ ಮಾತಾಡಲೂ ಬೇರೆ ಯಾರೂ ಇರಲಿಲ್ಲ. ಮೂರು ಸಂಕ್ರಾಂತಿ ಹೀಗೆ ಚೆನ್ನಾಗಿ ನಡೆಯಿತು.

ನಾಲ್ಕನೆಯದರಲ್ಲಿ ನಾನು ಕೆಟ್ಟೆ. ಅವರು ಕೊಟ್ಟದ್ದು ಮೂವರು ತಂಗಿಯರ ಮದುವೆ ಮಾಡಿ ತಾನು ಒಂಟಿಯಾಗಿ ಉಳಿಯುವ ದರ್ಜಿಯೊಬ್ಬನ ಕಥೆ. ನಾನೂರು ಪುಟ. ಕೊಡುವಾಗ, “ಇದನ್ನ ಓದೇ ತಾಯಿ. ಇದರ ಬಗ್ಗೆ ನಿನ್ನ ಹತ್ರ ಮಾತಾಡೋದಿದೆ” ಎಂದಿದ್ದರು. ಹಿಂದೆಂದೂ ಹಾಗೆ ಹೇಳಿದವರಲ್ಲ. ನಾನು ಇಪ್ಪತ್ತು ಪುಟ ಓದಿ ಬದಿಗಿಟ್ಟೆ. ದೊಡ್ಡ ಕಾರಣವೇನೂ ಇಲ್ಲ. ಆಸ್ಪತ್ರೆಯಿಂದ ಬಂದು ಹಾಸಿಗೆಯ ಮೇಲೆ ಬಿದ್ದು ಮೊಬೈಲಿನ ಮೇಲೆ ಬೆರಳು ಆಡಿಸುತ್ತಿದ್ದರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಯಾರ್ಯಾರದೋ ಮನೆಯ ಅಡುಗೆ, ಯಾರದೋ ಮಗುವಿನ ನಗು ನೋಡುತ್ತಾ ಎರಡು ತಿಂಗಳು ಕಳೆದೆ.

ಯುಗಾದಿಯ ಬೆಳಿಗ್ಗೆ ನೆನಪಾಯಿತು. ಪುಸ್ತಕವನ್ನು ಬೆನ್ನು ಹಿಡಿದು ಕೊಡವಿದೆ. ಅವರು ಇಟ್ಟ ಒಣ ಎಲೆ, ಯಾವ ಪುಟದಿಂದಲೋ, ನೆಲಕ್ಕೆ ಬಿದ್ದು ಪುಡಿಯಾಯಿತು. ಎಲೆ ಒಣಗಿಸಲು ಸಮಯವೆಲ್ಲಿ? ಹಿತ್ತಲ ಬೇಲಿಯಾಚೆಯ ತೋಟದಿಂದ ಒಂದು ಹಸಿ ಎಲೆ ಕಿತ್ತು, ಒರೆಸಿ, ನಡುವೆ ಎಲ್ಲೋ ಒಂದು ಪುಟದಲ್ಲಿ ತುರುಕಿ ಕೊಟ್ಟೆ. “ತುಂಬಾ ಚೆನ್ನಾಗಿದೆ ದೊಡ್ಡಮ್ಮ” ಎಂದೆ. ಅವರು ಪುಸ್ತಕ ಬಿಚ್ಚಿ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. “ಓದಿ ನೋಡ್ತೀನಿ, ನೀನು ನಿಂತಿರೋ ಪುಟಾನ” ಎಂದು ಒಳಗಿಟ್ಟರು.

ಒಬ್ಬಟ್ಟು ತಿನ್ನುವುದಕ್ಕೂ ಮನಸ್ಸಾಗಲಿಲ್ಲ. ಸಿಕ್ಕಿಬೀಳುತ್ತೇನೆಂದು ನಾಲ್ಕು ದಿನ ಮೆಟ್ಟಿಲಿನ ಮೇಲೆ ಕಳ್ಳಬೆಕ್ಕಿನಂತೆ ಓಡಾಡಿದೆ. ಐದನೆಯ ದಿನ ಹುಳಕ್ಕೆ ಎರಡನೇ ಜ್ವರ. ಕರೆದರು. ಪುಸ್ತಕ ಮಡಿಲಲ್ಲಿತ್ತು.

“ಆ ಪುಟ ನಾಲ್ಕು ಸಲ ಓದ್ದೆ ಕಣಮ್ಮ. ಬಸ್ಸಿನ ಟೈರು ಪಂಕ್ಚರ್ ಆಗುತ್ತೆ, ಜನ ಎಲ್ಲಾ ಇಳಿದು ಟೀ ಕುಡೀತಾರೆ, ಟೈರು ಹಾಕಿದ್ಮೇಲೆ ಹೊರಟೋಗ್ತಾರೆ. ಇದ್ರಲ್ಲಿ ನಿಲ್ಲೋವಂಥದ್ದು ಏನಿದೆ ಅಂತ ನಂಗೂ ತಿಳೀಲಿಲ್ಲ. ನಿನ್ನೆ ಸೊಪ್ಪು ಹಾಕ್ತಾ ಹೊಳೀತು.” ನನ್ನ ಮುಖವನ್ನು ನೋಡದೆ ಅಂಗಳದ ಕಡೆ ನೋಡುತ್ತಾ ಹೇಳಿದರು. “ಎಲ್ರೂ ಅವರವರ ಊರಿಗೆ ಹೋದ್ರು. ಆ ಟೀ ಅಂಗಡಿಯೋನು ಮಾತ್ರ ಲೋಟ ತೊಳೀತಾ ಅಲ್ಲೇ ಉಳ್ಕೊಂಡ. ನೀನು ಹಬ್ಬಕ್ಕೂ ಊರಿಗೆ ಹೋಗ್ಲಿಲ್ಲ. ಅವನು ನೀನೇ ಅಲ್ವೇನಮ್ಮ?”

ನನಗೆ ಅಳು ತಡೆಯಲಾಗಲಿಲ್ಲ. ತಾವು ಆ ಪುಟವನ್ನು ಸರಿಯಾಗಿ ಓದಿದ್ದಕ್ಕೆ ಅತ್ತೆನೆಂದು ಅವರು ಅಂದುಕೊಂಡರೋ ಏನೋ, ನಾನು ಅತ್ತದ್ದು ಬೇರೆಯೇ ಕಾರಣಕ್ಕೆ. ಅಮ್ಮ ಸತ್ತ ಮೇಲೆ ನನ್ನನ್ನು ಅಷ್ಟು ಹುಡುಕಿ ನೋಡಿದವರು ಇನ್ನೊಬ್ಬರಿರಲಿಲ್ಲ. ಹುಡುಕಿದ್ದು ನನ್ನ ಸುಳ್ಳಿನಲ್ಲಿ. ಆ ಕ್ಷಣವೇ ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. ಅಂದಿನಿಂದ ವಾರಕ್ಕೆರಡು ದಿನ ಮುದ್ದೆ, ಬಸ್ಸಾರು ಮಹಡಿಗೆ ಬರತೊಡಗಿತು. ಸುಳ್ಳಿಗೆ ಸಿಕ್ಕ ಊಟವೆಂದು ಗೊತ್ತಿದ್ದೂ ತಿಂದೆ.

ಆಷಾಢಕ್ಕೆ ಮುಂಚೆ ನನಗೆ ಗೌರಿಬಿದನೂರಿಗೇ ವರ್ಗವಾಯಿತು. ಸಾಮಾನು ಕಟ್ಟಿದ ದಿನ ಮುನಿರತ್ನಮ್ಮ ಬಸ್‌ಸ್ಟಾಪಿನವರೆಗೂ ಬಂದರು. ಹುಳ ನಾಲ್ಕನೇ ಜ್ವರದಿಂದ ಎದ್ದು ಹಸಿದು ಕೂತಿರುವ ಹೊತ್ತು. ಆಗ ಅವರು ಮನೆ ಬಿಟ್ಟು ಕದಲಿದ್ದನ್ನು ನಾನು ಕಂಡಿರಲಿಲ್ಲ. ಬಸ್ಸು ಬರುವುದು ಕಂಡಾಗ ಸೆರಗಿನೊಳಗಿಂದ ಅದೇ ಪುಸ್ತಕ ತೆಗೆದು ನನ್ನ ಚೀಲಕ್ಕೆ ತುರುಕಿದರು.

“ನಾನು ಎಲ್ಲಿ ನಿಂತಿದ್ದೆ ಅಂತ ನೀನು ಕೇಳ್ಲೇ ಇಲ್ವಲ್ಲಮ್ಮ.”

“ಹೇಳಿ ದೊಡ್ಡಮ್ಮ, ಈಗ ಹೇಳಿ” ಎಂದೆ.

“ಹಂಗಲ್ಲ. ಇನ್ನೊಂದು ಸಲ ಓದು. ಓದ್ಕೊಂಡು ಸಂಕ್ರಾಂತಿಗೆ ಬಂದು ಕೇಳು, ಹೇಳ್ತೀನಿ. ಎಲೆ ಹಂಗೇ ಇದೆ, ಅದು ನಿನ್ನದು, ನಾನ್ಯಾಕೆ ತೆಗೀಲಿ?” ಎಂದರು. ಬಸ್ಸು ಹೊರಟ ಮೇಲೂ ಕೈ ಬೀಸಲಿಲ್ಲ, ಸೊಪ್ಪಿಗೆ ಹೊತ್ತಾಯಿತೆಂದು ಬೇಗ ಬೇಗ ಹಿಂದಿರುಗಿ ನಡೆದರು. ನಾನು ನೋಡಿದ್ದು ಅದೇ ಕೊನೆ.

ಗೌರಿಬಿದನೂರಿನಲ್ಲೂ ನಾನು ಓದಲಿಲ್ಲ. ಸಂಕ್ರಾಂತಿ ದೂರವಿದೆಯಲ್ಲ ಎಂದುಕೊಂಡೆ. ಕಾರ್ತಿಕದ ಒಂದು ಮಧ್ಯಾಹ್ನ ಆಂಜಿನಪ್ಪನವರ ಫೋನು ಬಂತು. ದೊಡ್ಡಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಕುಸಿದರಂತೆ, ಶಿಡ್ಲಘಟ್ಟ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತಂತೆ. ಪುಸ್ತಕ ಆಗಲೂ ಅದೇ ಚೀಲದಲ್ಲಿತ್ತು.

ಆ ವಾರವೇ ಓದಿ ಮುಗಿಸಿದೆ. ಎಲೆ ಇದ್ದ ಪುಟ ಬಂದಾಗ ನಿಜವಾಗಿಯೂ ನಿಂತೆ. ಹಸಿ ಎಲೆ ಎರಡೂ ಪುಟಕ್ಕೆ ಕಂದುಹಸಿರು ಕಲೆ ಬಿಟ್ಟಿತ್ತು, ನರನರವೂ ಮೂಡಿತ್ತು. ಅದನ್ನು ನೋಡುತ್ತಿದ್ದಾಗ ತಲೆಗೆ ಹೊಳೆಯಿತು: ನಲವತ್ತು ವರ್ಷ ಸೊಪ್ಪು ಕೊಯ್ದ ಕೈ ಅದು. ಎಲೆ ಮುಟ್ಟಿದರೆ ಕಿತ್ತು ಎಷ್ಟು ಹೊತ್ತಾಯಿತೆಂದು ಹೇಳುತ್ತಿದ್ದವರು. ಆ ಎಲೆ ಅಂದು ಬೆಳಿಗ್ಗೆಯದು, ಅದೂ ತಮ್ಮದೇ ತೋಟದ್ದು ಎಂದು ಅವರಿಗೆ ಮೊದಲ ನೋಟಕ್ಕೇ ತಿಳಿದಿತ್ತು. ತಿಳಿದೂ ಆ ಪುಟವನ್ನು ನಾಲ್ಕು ಸಲ ಓದಿದರು. “ಇನ್ನೊಂದು ಸಲ ಓದು” ಎಂದು ನನ್ನ ಮಾನ ಉಳಿಸಿದರು.

ಸಂಕ್ರಾಂತಿಗೆ ಎಳ್ಳು ಹಿಡಿದು ಸಾದಲಿಗೆ ಹೋದೆ. ತಂತಿಯ ಮೇಲೆ ಒಂದು ಪಂಚೆ, ಒಂದು ಟವೆಲು ಇದ್ದವು. ಆಂಜಿನಪ್ಪನವರು ಈಗ ಚಾಕಿ ಹುಳ ತರುತ್ತಾರೆ. ಜಗಲಿಯ ಮೇಲೆ ಕುಳಿತು ಬೆಲ್ಲದ ತುಂಡನ್ನು ಬಾಯಲ್ಲಿಟ್ಟುಕೊಂಡರು. ನಾನು ಪುಸ್ತಕ ತೋರಿಸಿ ಕೇಳಿದೆ: “ದೊಡ್ಡಪ್ಪ, ದೊಡ್ಡಮ್ಮ ಇದ್ರಲ್ಲಿ ಎಲ್ಲಿ ನಿಂತಿದ್ರು ಅಂತ ಏನಾದ್ರೂ ಹೇಳಿದ್ರಾ?”

ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. “ನಂಗೇನು ಗೊತ್ತಮ್ಮ? ದಪ್ಪ ನೋಡಿ ತಂದೋನು ನಾನು. ಓದ್ಕೊಂಡು ಒಂದಿನ ಅತ್ಲು. ಏನು ಅಂದೆ. ಆ ಹುಡುಗಿ ಓದ್ಲಿ, ಅವಳ ಹತ್ರ ಹೇಳ್ತೀನಿ, ನಿಮಗೆ ತಿಳಿಯಲ್ಲ ಅಂದ್ಲು.”

ಆಮೇಲೆ ಅದನ್ನು ಎರಡು ಸಲ ಓದಿದ್ದೇನೆ. ದರ್ಜಿ ಕಡೆಯ ತಂಗಿಯ ರವಿಕೆಗೆ ಗುಂಡಿ ಹೊಲಿಯುವಲ್ಲಿ ದೊಡ್ಡಮ್ಮ ನಿಂತಿರಬಹುದು. ಖಾಲಿ ಮನೆಯಲ್ಲಿ ನಾಲ್ಕು ತಟ್ಟೆ ಹಾಕಿ ಮೂರನ್ನು ಎತ್ತಿಡುವಲ್ಲಿ ನಿಂತಿರಬಹುದು. ಅವರದು ಒಣಗಿಸಿ ಇಟ್ಟ ಎಲೆ, ಎಲ್ಲಿಯೂ ಕಲೆ ಬಿಟ್ಟಿಲ್ಲ. ಸುಣ್ಣದ ಬೆರಳಿನ ಗುರುತಾದರೂ ಸಿಗಬಹುದೆಂದು ಪುಟಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅದು ಎಲ್ಲ ಪುಟದ ಅಂಚಿನಲ್ಲೂ ಇದೆ.

ಈ ವರ್ಷ ಆರು ಪುಸ್ತಕ ಓದಿದೆ. ಒಂದು ತುಂಬಾ ಹಿಡಿಸಿತು. ಎಲೆಯನ್ನು ಎಂಟು ದಿನ ಹಾಸಿಗೆಯ ಕೆಳಗೆ ಒಣಗಿಸಿ, ನಿಂತ ಪುಟದಲ್ಲೇ ಇಟ್ಟಿದ್ದೇನೆ. ಯಾಕೆ ಅಲ್ಲಿ ನಿಂತೆ ಎಂದು ಕೇಳುವವರಿಲ್ಲ.