ಜುಕಿಚಿಯ ಸ್ವಂತ ಕೈ

ಯುದ್ಧ ನಡೆಯುವಾಗ ಕುವಾಹಾರ ಜುಕಿಚಿ ಸೈನಿಕರಿಗೆ ಜೈಕಾರ ಹಾಕುವ ಭಿತ್ತಿಪತ್ರ ಬರೆದ. ದೇಶ ಸೋತ ಮೇಲೆ ಟೋಕಿಯೋಗೆ ಬಂದ ಅಮೆರಿಕನ್ನರು ಅರ್ಥವಾಗದ ಚಿತ್ರಗಳನ್ನು ಕೊಳ್ಳುತ್ತಾರೆಂದು ತಿಳಿದದ್ದೇ ತಡ, ಅವನಿಗೆ ಜ್ಞಾನೋದಯವಾಯಿತು. ಗಾಳಿ ಬಂದಾಗ ತೂರಿಕೊಳ್ಳುವ ಕಲೆಯೊಂದು ಮಾತ್ರ ಅವನಿಗೆ ಹುಟ್ಟಿನಿಂದ ಬಂದಿತ್ತು. ಒಂದು ವೃತ್ತ, ಪಕ್ಕದಲ್ಲೊಂದು ಸೊಟ್ಟ ಗೆರೆ. ಹೆಸರು 'ಶೂನ್ಯದ ಕೂಗು'.

ಅವನು ಸೇರಿಕೊಂಡ ಹೊಸ ಅಚ್ಚುಚಿತ್ರಗಾರರ ಸಂಘದ ಮಡಿ ಬಲು ಬಿಗಿ. ಚಿತ್ರ ಬರೆಯುವುದು, ಅದನ್ನು ಮರದ ಹಲಗೆಯಲ್ಲಿ ಕೆತ್ತುವುದು, ಅಚ್ಚೊತ್ತುವುದು ಮೂರೂ ಒಂದೇ ಕೈಯಿಂದ ಆಗಬೇಕು. ಹಳೆಯವರಂತೆ ಮೂವರು ಹಂಚಿಕೊಂಡರೆ ಅದು ಬರೀ ಕಸುಬು. ಸಂಘದ ಸಭೆಯಲ್ಲಿ ಇದನ್ನು ಎಲ್ಲರಿಗಿಂತ ಜೋರಾಗಿ ಸಾರುತ್ತಿದ್ದವನು ಜುಕಿಚಿ. ಮನೆಯಲ್ಲಿ ಅಚ್ಚೊತ್ತುತ್ತಿದ್ದವಳು ಅವನ ಹೆಂಡತಿ ಇತ್ಸು.

ಒಂದು ದಿನ ಸಂಘದ ಹಿರಿಯರು ಹೇಳಿಕಳಿಸದೆ ಅಮೆರಿಕದ ಮೇಡಂ ಒಬ್ಬರನ್ನು ಕರೆತಂದರು.

"ನಮ್ಮೆದುರೇ ಒಂದು ಒತ್ತಿ ತೋರ್ಸಪ್ಪ" ಅಂದರು.

ಅಚ್ಚೊತ್ತಲು ಬಾರದೆಂದು ಗೊತ್ತಾದರೆ ಸಂಘದಿಂದ ಹೊರಗೆ. ಇತ್ಸು ಚಹಾ ಇಟ್ಟು ಬಾಗಿಲ ಮರೆಗೆ ಸರಿದಳು. ಕಾಗದವನ್ನು ಮೊದಲೇ ತೇವ ಮಾಡಿಡಬೇಕೆಂಬುದೂ ಈ ಮಹಾಶಯನಿಗೆ ಗೊತ್ತಿರಲಿಲ್ಲ. ಬಣ್ಣ ಬಳಿದ ಹಲಗೆಯ ಮೇಲೆ ಒಣ ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಬೆವರಿಳಿಯುವಂತೆ ತಿಕ್ಕಿದ. ಬಣ್ಣ ಅಲ್ಲಲ್ಲಿ ಹಿಡಿದು, ಅಲ್ಲಲ್ಲಿ ಬಿಟ್ಟು, ವೃತ್ತಕ್ಕೆ ಕಜ್ಜಿ ಹತ್ತಿದಂತಾಯಿತು.

"ಈ ಕಾಗದಾನೇ ಸರಿ ಇಲ್ಲ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೇಡಂ ಮಾತ್ರ ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಬಾಂಬಿಗೆ ಸುಟ್ಟ ಊರಿನ ನೋವೆಲ್ಲ ಇದರಲ್ಲಿದೆ ಅಂದರು. ಹಿರಿಯರಿಗೂ ಆ ನೋವು ತಕ್ಷಣ ಕಾಣಿಸಿತು. ಮೇಡಂ ಥೇಟ್ ಇಂಥವೇ ಮೂವತ್ತು ಬೇಕೆಂದು ಹೇಳಿ ಹೋದರು.

ಜುಕಿಚಿ ಒಂದೊಂದಾಗಿ ತಿಕ್ಕಿ ನೋಡಿದ. ಪ್ರತಿಯೊಂದೂ ಬೇರೆ ಬೇರೆ ಥರ ಕೆಟ್ಟಿತು; ಮೊದಲಿನದರಂತೆ ಒಂದೂ ಕೆಡಲಿಲ್ಲ. ಕಡೆಗೆ ಅಡುಗೆಮನೆಗೆ ಬಂದ.

"ಇತ್ಸು, ನೀನೇ ಮರ್ಯಾದೆ ಉಳಿಸ್ಬೇಕು ಕಣೇ. ಅದೇ ಥರ ಕೆಡಿಸಿ ಕೊಡು."

ಇತ್ಸು ಮೂಲಂಗಿ ಹೆಚ್ಚುತ್ತಿದ್ದಳು. "ಕೆಡ್ಸೋದು ನಂಗೆಲ್ಲಿ ಬರತ್ತೆ ರೀ? ನಾನು ಒತ್ತಿದ್ರೆ ನೆಟ್ಟಗೆ ಬಂದ್ಬಿಡತ್ತೆ."

"ಹಂಗಾದ್ರೆ ಅವ್ರಿಗೆ ಏನು ಹೇಳ್ಲಿ?"

ಇತ್ಸು ಹೆಚ್ಚಿದ ಮೂಲಂಗಿಯನ್ನು ಪಾತ್ರೆಗೆ ಸುರಿದಳು.

"ಸ್ವಂತ ಕೈ, ಸ್ವಂತ ಕೈ ಅಂತ ಊರಿಗೆಲ್ಲ ಸಾರಿದ್ರಲ್ಲ. ಇದೊಂದು ನಿಜವಾಗ್ಲೂ ನಿಮ್ಮದೇ. ನೀವೇ ಒತ್ಕೊಳ್ಳಿ."